ನೀಲೂ ಕಾಣದ ಕನಸು

೧೪ ಜೂನ್ ೨೦೦೯, ಭಾನುವಾರ, ಚಿಕ್ಕೋಡಿ

ವಕೀಲರೊಬ್ಬರು ಹೊಸ ವರ್ಷಕ್ಕೆಂದು ಕೊಟ್ಟ ಈ ಡೈರಿ ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಇವತ್ತಿನಿಂದ ಬರೆಯುತ್ತೇನೆ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಮಾತಾಡುತ್ತಿದ್ದಾರೆ. ದಾಖಲೆ ಇಲ್ಲದ ಮಾತು ನನಗೆ ಆಗಿಬರುವುದಿಲ್ಲ. ಹದಿನಾಲ್ಕು ವರ್ಷ ಕೋರ್ಟಿನಲ್ಲಿ ಕೂತು ಸಾಕ್ಷಿಗಳ ಹೇಳಿಕೆ ಟೈಪು ಮಾಡಿದವನಿಗೆ ಇಷ್ಟಾದರೂ ರೋಗ ಅಂಟಿಕೊಳ್ಳುವುದು ಸಹಜ.

ವಿಷಯ ನನ್ನ ಮಗಳು ನೀಲಮಳದು. ಆರು ವರ್ಷ. ಈ ತಿಂಗಳ ಒಂದನೇ ತಾರೀಖಿನಿಂದ ಒಂದನೇ ಇಯತ್ತೆಗೆ ಹೋಗುತ್ತಿದ್ದಾಳೆ. ಕಳೆದ ಸೋಮವಾರದಿಂದ ಈಚೆಗೆ ಐದು ರಾತ್ರಿ ಒಂದೇ ತರಹ ಆಗಿದೆ. ಒಂಬತ್ತಕ್ಕೆ ಮಲಗುತ್ತಾಳೆ. ಹತ್ತೂ ಮುಕ್ಕಾಲಿಗೆ ದಿಗ್ಗನೆ ಎದ್ದು ಕೂತು ಚೀರುತ್ತಾಳೆ.

ಅದು ಅಳುವಲ್ಲ. ಅವಳ ಅಳು ನನಗೆ ಗೊತ್ತು, ಆರು ವರ್ಷ ಕೇಳಿದ್ದೇನೆ. ಕಣ್ಣು ಪೂರ್ತಿ ತೆರೆದಿರುತ್ತವೆ, ಆದರೆ ನನ್ನನ್ನು ಗುರುತಿಸುವುದಿಲ್ಲ. ಅಂಗಿ ಬೆವರಿನಿಂದ ತೊಯ್ದಿರುತ್ತದೆ, ಎದೆ ಹೊಡೆದುಕೊಳ್ಳುವುದು ಕೈಗೆ ತಿಳಿಯುತ್ತದೆ. ನಾನು ಎರಡೂ ತೋಳಿನಿಂದ ಬಿಗಿಯಾಗಿ ಅಪ್ಪಿ ಹಿಡಿಯುತ್ತೇನೆ. ಆಗ ಇನ್ನೂ ಜೋರಾಗಿ ಒದೆಯುತ್ತಾಳೆ, "ಬಿಡ, ಬಿಡ ನನ್ನ" ಎನ್ನುತ್ತಾಳೆ. ನಾನು ಇನ್ನೂ ಬಿಗಿ ಮಾಡುತ್ತೇನೆ. ಹತ್ತು ನಿಮಿಷ ಕಳೆದ ಮೇಲೆ ಮೈ ಸಡಿಲ ಬಿಟ್ಟು, ಮಗ್ಗುಲಾಗಿ ಮಲಗಿಬಿಡುತ್ತಾಳೆ.

ಬೆಳಿಗ್ಗೆ ಎದ್ದವಳೇ ಚಪಾತಿಗೆ ಬೆಲ್ಲ ಬೇಕೆಂದು ಹಟ ಮಾಡುತ್ತಾಳೆ. ಕಣ್ಣು ಕೆಂಪಾಗಿರುವುದು ಉಳಿದ ಮೂವರಿಗೆ: ನನಗೆ, ಹೆಂಡತಿ ಉಜ್ವಲಾಗೆ, ನನ್ನ ಅವ್ವ ಶೇವಂತಾಬಾಯಿಗೆ.

ಹುಡುಗಿಗೆ ಏನೋ ತಾಕಿದೆ ಎಂದು ಅವ್ವನ ವಾದ. ಅಪ್ಪ ಬೌದ್ಧ ಧರ್ಮ ಸ್ವೀಕರಿಸಿದ ವರ್ಷ ರಾಯಬಾಗದ ಮನೆಯ ದೇವರನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಹೊಳೆಗೆ ಬಿಟ್ಟು ಬಂದಿದ್ದ. ದೆವ್ವಗಳೂ ಅದೇ ಬುಟ್ಟಿಯಲ್ಲಿ ಹೋದವೆಂದು ನಾನು ತಿಳಿದಿದ್ದೆ. ಅವ್ವ ಒಂದೆರಡನ್ನು ಸೆರಗಿನಲ್ಲಿ ಉಳಿಸಿಕೊಂಡಿದ್ದಾಳೆ.

೧೭ ಜೂನ್, ಬುಧವಾರ

ಬೆಳಿಗ್ಗೆ ಅವಳ ತಲೆ ಬಾಚುವಾಗ ಕೇಳಿದೆ.

"ನೀಲೂ, ರಾತ್ರಿ ಏನ ಕನಸ ಬಿತ್ತು?"

"ಏನೂ ಇಲ್ಲ."

"ಮತ್ತ ಯಾಕ ಚೀರಿದಿ?"

"ನಾ ಚೀರಿಲ್ಲ ಪಪ್ಪಾ. ನಾ ಮಲಗಿದ್ದೆ."

ಸುಳ್ಳು ಹೇಳುವ ಮುಖವಲ್ಲ. ಮುಚ್ಚಿಡುವ ಮುಖ ಇರಬಹುದು.

ಕೋರ್ಟಿನಲ್ಲಿ ಇವತ್ತು ಕಬ್ಬೂರಿನ ಎರಡು ಹೊಲಗಳ ಬದುವಿನ ಕೇಸು. ಒಬ್ಬ ವಕೀಲರು ತಮ್ಮ ಕಡೆಯ ಸಾಕ್ಷಿಗೇ, "ಅವನು ಕೊಡಲಿ ಹಿಡಿದು ಬಂದಿದ್ದನಲ್ಲವೇ?" ಎಂದು ಕೇಳಿದರು. ಎದುರಿನವರು ತಕರಾರು ತೆಗೆದರು. ಜಡ್ಜ್ ಸಾಹೇಬರು ಪ್ರಶ್ನೆಯನ್ನೇ ತೆಗೆದುಹಾಕಿಸಿದರು. ಉತ್ತರವನ್ನು ಪ್ರಶ್ನೆಯೊಳಗೇ ಗಂಟು ಕಟ್ಟಿ ಕೊಟ್ಟರೆ ಸಾಕ್ಷಿಗೆ ಅದನ್ನು ಬಿಚ್ಚಿ ತೋರಿಸುವ ಕೆಲಸವಷ್ಟೇ ಉಳಿಯುತ್ತದೆ. ನಾನು ಆ ಸಾಲನ್ನು ಅಳಿಸಿದೆ. ಇಂಥ ಶಿಸ್ತು ಮನೆಗಳಲ್ಲಿಯೂ ಇದ್ದರೆ ಊರಿನ ಅರ್ಧ ಜಗಳ ಕೋರ್ಟಿಗೆ ಬರುತ್ತಿರಲಿಲ್ಲ.

೨೦ ಜೂನ್, ಶನಿವಾರ

ಹತ್ತು ಐವತ್ತಕ್ಕೆ ಶುರು. ಹನ್ನೆರಡು ನಿಮಿಷ. ಬೆಳಿಗ್ಗೆ ಕೇಳಿದರೆ ಏನೂ ಇಲ್ಲ.

೨೩ ಜೂನ್, ಮಂಗಳವಾರ

ಅವ್ವನ ಮೇಲೆ ಕೂಗಾಡಿದೆ. ನೀಲೂ ಚೀರುವಾಗ ಅವ್ವ ಅವಳೆದುರು ಕುಕ್ಕರಗಾಲಲ್ಲಿ ಕೂತು, "ಯಾರ ಬೇ ನೀ? ಎಲ್ಲಿಂದ ಬಂದಿ? ಹೆಸರ ಹೇಳ, ಹೇಳಿ ಹೋಗ" ಎಂದು ಗದರಿಸತೊಡಗಿದಳು. ನಮ್ಮ ಕಡೆ ಮೈಮೇಲೆ ಬಂದವರನ್ನು ಹೀಗೆಯೇ ಕೇಳುತ್ತಾರೆ. ಹೆಸರು ಸಿಕ್ಕರೆ ಅರ್ಧ ಗುಣವಾದಂತೆ ಎಂದು ನಂಬಿಕೆ. ನಾನು ಸಣ್ಣವನಿದ್ದಾಗ ರಾಯಬಾಗದಲ್ಲಿ ಒಬ್ಬ ಸೊಸೆಯನ್ನು ಬೇವಿನ ಟೊಂಗೆ ಹಿಡಿದು ಎರಡು ತಾಸು ಹೀಗೆ ಕೇಳಿದ್ದರು. ಕೊನೆಗೆ ಆಕೆ ದಣಿದು ಓಣಿಯ ಕೆಂಚವ್ವ ಎಂಬ ಮುದುಕಿಯ ಹೆಸರು ಹೇಳಿದಳು. ಆಮೇಲೆ ಕೆಂಚವ್ವನನ್ನು ಯಾರೂ ಮನೆಯ ಕಟ್ಟೆ ಹತ್ತಿಸಿಕೊಳ್ಳಲಿಲ್ಲ.

"ನನ್ನ ಮನ್ಯಾಗ ಇದೆಲ್ಲಾ ನಡಿಯೂದಿಲ್ಲ" ಎಂದೆ.

"ಹಂಗಾರ ಕೂಸನ್ನ ಯಾರ ಹೆದರಸ್ಯಾರ? ನೀನ ಹೇಳ" ಎಂದಳು ಅವ್ವ.

ಅವ್ವ ಇಷ್ಟು ದಿನದಲ್ಲಿ ಕೇಳಿದ ಒಂದೇ ಸರಿಯಾದ ಪ್ರಶ್ನೆ ಇದು. ಹುಡುಗಿ ಬಿಡು ಎನ್ನುತ್ತಾಳೆ. ಯಾರೋ ಹಿಡಿದರೆ ತಾನೇ ಬಿಡು ಎನ್ನುವುದು? ಶಾಲೆ ಶುರುವಾದ ಮೇಲೆ ಇದೂ ಶುರುವಾಗಿದೆ. ಅಂದರೆ ಮನೆಗೂ ಶಾಲೆಗೂ ನಡುವೆ ಯಾರೋ ಇದ್ದಾರೆ. ಹುಡುಕಬೇಕಾದದ್ದು ದೆವ್ವವನ್ನಲ್ಲ, ಮನುಷ್ಯನನ್ನು.

೨೬ ಜೂನ್, ಶುಕ್ರವಾರ

ಮೂರು ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಕೇಳುತ್ತಿದ್ದೆ. ಇವತ್ತು ಹೇಳಿದಳು.

"ಸಾಲ್ಯಾಗ ಟೀಚರ ಹೊಡದ್ರಾ?"

"ಇಲ್ಲ."

"ಹುಡುಗ್ರು ಯಾರರೆ ಅಂಜಸ್ತಾರಾ?"

"ಇಲ್ಲ."

"ಆಟೋ ಮಾಮಾ?"

ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. "ಹೇಳ, ನಾ ಬೈಯೂದಿಲ್ಲ" ಎಂದೆ. ಹೂಂ ಎಂದು ತಲೆ ಆಡಿಸಿದಳು.

"ಕೈ ಹಿಡದ ಜಗ್ಗತಾನಾ?"

"ಹೂಂ."

"ಬಿಡ ಅಂದ್ರೂ ಬಿಡೂದಿಲ್ಲಾ?"

"ಹೂಂ."

ಜೇಬಿನಲ್ಲಿದ್ದ ಚಾಕಲೇಟು ಕೊಟ್ಟೆ. ನನ್ನ ಮೈಯೆಲ್ಲ ಉರಿಯುತ್ತಿದೆ. ಆದರೆ ನಿಜ ಹೇಳಬೇಕೆಂದರೆ ಒಳಗೆ ಹಗುರವೂ ಆಗಿದೆ. ಹದಿನೆಂಟು ದಿನದ ಮೇಲೆ ಒಂದು ಹೆಸರು ಸಿಕ್ಕಿತು.

೨೭ ಜೂನ್, ಶನಿವಾರ

ಬೆಳಗಿನ ಶಾಲೆ. ಕಿಟಕಿಯಲ್ಲಿ ನಿಂತು ಅವನನ್ನು ನೋಡಿದೆ. ಹೆಸರು ಬಂದಗಿಸಾಬ. ಅರವತ್ತರ ಹತ್ತಿರ, ಗಡ್ಡಕ್ಕೆ ಮೆಹಂದಿ. ನಮ್ಮ ಓಣಿಯ ಏಳು ಮನೆಯ ಮಕ್ಕಳನ್ನು ವರ್ಷಗಳಿಂದ ಶಾಲೆಗೆ ಒಯ್ಯುತ್ತಿದ್ದಾನೆ. ಒಬ್ಬೊಬ್ಬರನ್ನೂ ಕಂಕುಳಿಗೆ ಕೈ ಹಾಕಿ ಎತ್ತಿ ಒಳಗೆ ಕೂರಿಸಿದ. ನೀಲೂಳನ್ನು ಎತ್ತುವಾಗ "ಹುಷಾರ ಬೇಟಾ" ಎಂದ. ನೀಲೂ ನಕ್ಕಳು. ಹೆದರಿದ ಮಕ್ಕಳು ಹೆದರಿಸುವವರ ಮುಂದೆ ನಗುತ್ತಾರೆಂದು ಎಲ್ಲೋ ಓದಿದ್ದೇನೆ.

ಉಜ್ವಲಾಗೆ ಹೇಳಿದೆ. ಅವಳು ಕಬ್ಬೂರಿನ ಅಂಗನವಾಡಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಎಲ್ಲಾ ಹುಡುಗ್ರನೂ ಹಂಗ ಎತ್ತತಾರಲ್ರಿ. ಸಣ್ಣ ಕಾಲ ಅವು, ಏರಾಕ ಬರೂದಿಲ್ಲ."

"ಆಕೀನ ಬಾಯಿ ಬಿಟ್ಟ ಹೇಳ್ಯಾಳ."

"ಹೇಳ್ಯಾಳೋ, ಹೂಂ ಅಂದಾಳೋ?"

"ನೀ ಏನ ಅವನ ವಕೀಲಳಾ?" ಎಂದೆ. ಅವಳು ಬಸ್ಸಿಗೆ ಹೋದಳು.

೨೯ ಜೂನ್, ಸೋಮವಾರ

ಮುಖ್ಯಗುರುಗಳಿಗೆ ಅರ್ಜಿ ಟೈಪು ಮಾಡಿದೆ. "ಸದರಿ ಆಟೋ ಚಾಲಕನು ನನ್ನ ಅಪ್ರಾಪ್ತ ಮಗಳ ಕೈ ಹಿಡಿದು ಎಳೆಯುವುದು, ಹೆದರಿಸುವುದು ಮಾಡುತ್ತಿದ್ದು, ಇದರಿಂದ ಮಗುವು ತೀವ್ರ ಭಯಗ್ರಸ್ತವಾಗಿರುತ್ತದೆ." ಪೊಲೀಸರ ತನಕ ಬೇಡ, ಮಗಳ ಹೆಸರು ಅಲ್ಲಿಗೆ ಹೋಗಬಾರದು. ಅವನ ಆಟೋ ಬಿಡಿಸಿದರೆ ಸಾಕು.

ಟೈಪು ಆದ ಮೇಲೆ ಅದು ಬೇರೆಯೇ ಕಂಡಿತು. ಮಗಳ ಮೂರು ಹೂಂಗಳು ಹಾಳೆಯ ಮೇಲೆ ಘಟನೆಯಾಗಿ ನಿಂತಿದ್ದವು. ಸಂಜೆ ಉಳಿದ ಆರು ಮನೆಗೂ ಹೋದೆ. ಕಬ್ಬಿಣದ ಅಂಗಡಿಯ ಭೀಮಸಿ ಮೊದಲು ಅನುಮಾನ ಮಾಡಿದ, ಅವನ ಮಗಳೂ ಅದೇ ಆಟೋದಲ್ಲಿ ಹೋಗುತ್ತಾಳೆ. "ಮುದಕಾ ಹಂಗ ಕಾಣೂದಿಲ್ರಿ" ಎಂದ. "ಹುಡುಗ್ರು ತಾವಾಗೇ ಹೇಳೂದಿಲ್ಲ, ಒಂದೊಂದ ಹೆಸರ ಇಟ್ಟ ಕೇಳಬೇಕು" ಎಂದು ನಾನು ಕೇಳಿದ ರೀತಿಯನ್ನು ವಿವರಿಸಿದೆ. ಸಹಿ ಮಾಡಿದ. ಆರೂ ಜನ ಮಾಡಿದರು. ಕೋರ್ಟಿನವನು ಬರೆದದ್ದೆಂದರೆ ಜನಕ್ಕೆ ಒಂದು ಭರವಸೆ.

೧ ಜುಲೈ, ಬುಧವಾರ

ಇವತ್ತಿನಿಂದ ಬಂದಗಿಸಾಬ ಶಾಲೆಯ ಗೇಟಿಗೆ ಬರುವಂತಿಲ್ಲ. ಸಂಜೆ ಮನೆಗೆ ಬಂದ. ಒಳಗೆ ಬಾ ಎನ್ನಲಿಲ್ಲ. ಟೊಪ್ಪಿಗೆ ಕೈಯಲ್ಲಿ ಹಿಡಿದು ಮೆಟ್ಟಿಲ ಕೆಳಗೆ ನಿಂತ.

"ಸಾಬ, ನಾ ಏನ ಮಾಡೇನಿ, ಅದೊಂದ ಹೇಳ್ರಿ."

"ನಿಮಗ ಗೊತ್ತಿರ್ತೈತಿ" ಎಂದೆ.

"ಗೊತ್ತಿದ್ರ ಕೇಳಾಕ ಬರ್ತಿದ್ದಿಲ್ರಿ."

ನಾನು ಬಾಗಿಲು ಮುಂದೆ ಮಾಡಿದೆ. ಸ್ವಲ್ಪ ಹೊತ್ತು ಹೆಜ್ಜೆಯ ಸದ್ದು ಬರಲಿಲ್ಲ, ಆಮೇಲೆ ಬಂತು.

ನೀಲೂ ರಾತ್ರಿಯೆಲ್ಲ ನಿದ್ದೆ ಮಾಡಿದಳು.

೬ ಜುಲೈ, ಸೋಮವಾರ

ಐದು ರಾತ್ರಿ ಒಂದೂ ಚೀರಾಟವಿಲ್ಲ. ಬೇರೆ ಆಟೋ ಸಿಗುವ ತನಕ ಅವ್ವ ಮಧ್ಯಾಹ್ನದ ಊಟದ ಬಿಡುವಿಗೇ ಹೋಗಿ ನೀಲೂಳನ್ನು ನಡೆಸಿಕೊಂಡು ಕರೆತರುತ್ತಾಳೆ. ಉಂಡು ಅಜ್ಜಿ, ಮೊಮ್ಮಗಳು ಇಬ್ಬರೂ ನಾಲ್ಕರ ತನಕ ಗೊರಕೆ. ಹೊಸ ಆಟೋ ಬುಧವಾರದಿಂದ ಬರುತ್ತದೆ.

ಉಜ್ವಲಾಗೆ ಬೇಕೆಂದೇ ಕೇಳಿದೆ, "ಈಗೇನಂತಿ?" ಅವಳು ಪಾತ್ರೆ ತೊಳೆಯುತ್ತಿದ್ದಳು. ಇನ್ನೊಂದು ಪಾತ್ರೆ ಕೈಗೆತ್ತಿಕೊಂಡಳು. ಗೆದ್ದವನಿಗೆ ಗೆದ್ದೆ ಎಂದು ಯಾರೂ ಹೇಳದಿದ್ದರೆ ಬೇಸರವಾಗುತ್ತದೆ.

೯ ಜುಲೈ, ಗುರುವಾರ

ಹತ್ತು ನಲವತ್ತು. ಹದಿನೈದು ನಿಮಿಷ. ಇಷ್ಟು ಜೋರಾಗಿ ಹಿಂದೆಂದೂ ಆಗಿರಲಿಲ್ಲ.

೧೦ ಜುಲೈ, ಶುಕ್ರವಾರ

ಮತ್ತೆ.

೧೫ ಜುಲೈ, ಬುಧವಾರ

ಈಗ ನನಗೂ ಶುರುವಾಗಿದೆ. ನಸುಕಿನ ನಾಲ್ಕೂವರೆಗೆ ಎಚ್ಚರವಾಯಿತು, ಎದೆ ಡವಗುಟ್ಟುತ್ತಿತ್ತು. ಕನಸಿನಲ್ಲಿ ಕೋರ್ಟು ತುಂಬಿತ್ತು. ಸಾಹೇಬರು, "ಸಾಕ್ಷಿಯ ಹೇಳಿಕೆ ಓದಿ" ಎಂದರು. ಹಾಳೆ ಎತ್ತಿದರೆ ಖಾಲಿ. ಇನ್ನೊಂದು ಎತ್ತಿದರೆ ಅದೂ ಖಾಲಿ. ಬಂದಗಿಸಾಬ ಕಟಕಟೆಯಲ್ಲಿ ಟೊಪ್ಪಿಗೆ ಹಿಡಿದು, ನಾನು ಓದುವುದನ್ನೇ ಕಾಯುತ್ತ ನಿಂತಿದ್ದ. ಉಜ್ವಲಾಳನ್ನು ಎಬ್ಬಿಸಿ ಎಲ್ಲ ಹೇಳಿದೆ. ಮತ್ತೆ ಕಣ್ಣು ಮುಚ್ಚಲು ಭಯವಾಗಿ ಬೆಳಕು ಹರಿಯುವ ತನಕ ಕೂತೇ ಇದ್ದೆ.

ಚಹಾ ಕೊಡುವಾಗ ಉಜ್ವಲಾ ಎಂದಳು: "ನಿಮಗ ಬಿದ್ದ ಕನಸ ಹಾಳಿ ಸಮೇತ ನೆನಪ ಐತಿ. ಆಕಿಗಿ ಒಂದೂ ಯಾಕ ನೆನಪ ಇರೂದಿಲ್ಲ?"

ಸಣ್ಣ ಮಗು, ಮರೆಯುತ್ತದೆ ಎಂದೆ. ಮರೆಯುವ ಮಗು ಆವತ್ತು ಬೆಳಿಗ್ಗೆ ಹೇಗೆ ಹೇಳಿತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು.

೨೨ ಜುಲೈ, ಬುಧವಾರ

ಬೆಳಿಗ್ಗೆ ಗ್ರಹಣ. ಮೋಡ ಕವಿದು ಏನೂ ಕಾಣಲಿಲ್ಲ. ಅವ್ವ ಒಲೆ ಹಚ್ಚಲಿಲ್ಲ. ನಾನು ಹಟಕ್ಕೆ ಬಿದ್ದು ನಾನೇ ಅವಲಕ್ಕಿ ಒಗ್ಗರಣೆ ಮಾಡಿಕೊಂಡು ತಿಂದೆ. ಗ್ರಹಣದಲ್ಲಿ ಉಂಡರೆ ಏನೂ ಆಗುವುದಿಲ್ಲವೆಂದು ತೋರಿಸಬೇಕಿತ್ತು. ಯಾರೂ ನೋಡುತ್ತಿರಲಿಲ್ಲ. ಉಪ್ಪು ಹೆಚ್ಚಾಗಿತ್ತು.

೨೫ ಜುಲೈ, ಶನಿವಾರ

ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆವು. ಉಜ್ವಲಾ ನನ್ನನ್ನು ಕೇಳದೆ ಸರದಿಯ ಚೀಟಿ ಹಚ್ಚಿದ್ದಳು. ಸಣ್ಣ ವಯಸ್ಸಿನವರು, ಮಾತು ನಿಧಾನ. ನೀಲೂಳ ಹೊಟ್ಟೆ, ಎದೆ, ಕಿವಿ ಎಲ್ಲ ನೋಡಿ, ಹೊರಗೆ ಅಜ್ಜಿಯ ಹತ್ತಿರ ಕೂರಿಸಿ ಬರಲು ಹೇಳಿದರು. ನಾನು ಈ ಡೈರಿ ಒಯ್ದಿದ್ದೆ. ಸಮಯಗಳನ್ನೆಲ್ಲ ಓದಿದೆ. ಅವರಿಗೆ ಭಾಳ ಖುಷಿಯಾಯಿತು. ಇಷ್ಟು ಸರಿಯಾಗಿ ಯಾರೂ ಬರೆದು ತಂದಿಲ್ಲವಂತೆ. ನನಗೂ ಖುಷಿಯಾಯಿತು, ಅದು ಎರಡು ನಿಮಿಷ ಉಳಿಯಿತು.

"ಇದು ಕೆಟ್ಟ ಕನಸ ಅಲ್ರಿ" ಎಂದರು. "ಕನಸ ಬಿದ್ದ ಹುಡುಗಿ ಎದ್ದು ನಿಮ್ಮನ್ನ ಹುಡಿಕ್ಕೊಂಡ ಬರ್ತಾಳ, ಕಥಿ ಹೇಳ್ತಾಳ, ಮತ್ತ ಮಲಗಾಕ ಒಲ್ಲೆ ಅಂತಾಳ. ಅದು ಹೆಚ್ಚಾಗಿ ನಸುಕಿನ್ಯಾಗ. ಇದು ಮಲಗಿದ ಒಂದೆರಡ ತಾಸಿನ್ಯಾಗ, ಗಾಢ ನಿದ್ದ್ಯಾಗ ಬರ್ತೈತಿ. ಮೈ ಒಂದ ಅಂಜಿ ಎದ್ದ ಕುಂಡರ್ತೈತಿ, ಆಕಿ ಎದ್ದಿರೂದಿಲ್ಲ. ಆಕಿಗಿ ಏನೂ ಕಂಡಿರೂದಿಲ್ಲ, ನೆನಪೂ ಇರೂದಿಲ್ಲ."

"ಆದ್ರ ಆಕಿ ಬಿಡ ಬಿಡ ಅಂತಾಳ್ರಿ. ಯಾರೋ ಹಿಡದಿರಬೇಕಲ್ಲ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಆ ಹೊತ್ತಿನ್ಯಾಗ ಆಕಿನ್ನ ಯಾರ ಹಿಡಕೊಂಡಿರ್ತಾರ?"

ಉಜ್ವಲಾ ನನ್ನ ಕಡೆ ನೋಡಲಿಲ್ಲ. ಅದು ಅವಳ ದೊಡ್ಡತನ.

"ನಾನು" ಎಂದೆ.

ಬಿಗಿ ಹಿಡಿದಷ್ಟೂ ಹೆಚ್ಚಾಗುತ್ತದಂತೆ. ಬೀಳದಂತೆ ಪಕ್ಕದಲ್ಲಿ ಕೂತರೆ ಸಾಕಂತೆ. ಮಧ್ಯಾಹ್ನದ ನಿದ್ದೆಯ ಬಗ್ಗೆ ಕೇಳಿದರು. ಶಾಲೆಗೆ ಹೋಗುವ ಮುಂಚೆ ದಿನಾ ಎರಡು ತಾಸು ಮಲಗುತ್ತಿದ್ದಳು, ಈಗ ಇಲ್ಲ ಎಂದಳು ಉಜ್ವಲಾ. ಡಾಕ್ಟರು ನನ್ನ ಡೈರಿಯ ಮೇಲೆ ಬೆರಳಿಟ್ಟು, ಜುಲೈ ಒಂದರಿಂದ ಏಳರ ತನಕ ಏನು ಬೇರೆ ಇತ್ತು ಎಂದರು. ಆ ವಾರ ಅವಳು ಅಜ್ಜಿಯ ಜೊತೆ ದಿನಾ ನಾಲ್ಕರ ತನಕ ಮಲಗಿದ್ದಳು. ಅದನ್ನು ನಾನೇ ನನ್ನ ಕೈಯಾರೆ ಬರೆದಿಟ್ಟಿದ್ದೆ. ದಣಿದ ಮಗುವಿಗೆ ಇದು ಹೆಚ್ಚು, ಬೆಳೆಯುತ್ತ ಹೋಗಿಬಿಡುತ್ತದೆ, ಅಲ್ಲಿಯ ತನಕ ಆ ಹೊತ್ತಿಗೆ ಕಾಲು ತಾಸು ಮುಂಚೆ ಮೆಲ್ಲಗೆ ಮೈ ಮುಟ್ಟಿ ಅರ್ಧ ಎಚ್ಚರ ಮಾಡಿ ಮಲಗಿಸಿ ಎಂದರು.

"ಮತ್ತ ಬೆಳಿಗ್ಗೆ ಏನ ಕಂಡಿ ಅಂತ ಕೇಳಬ್ಯಾಡ್ರಿ. ದಿನಾ ಕೇಳಿದ್ರ ಹುಡುಗ್ರು ಏನರೆ ಒಂದ ಹುಡುಕಿ ಕೊಡ್ತಾವ."

೨೬ ಜುಲೈ, ಭಾನುವಾರ

ನಾನು ಏನೂ ಕೇಳಲಿಲ್ಲ. ನೀಲೂ ತಾನಾಗಿಯೇ ಕೇಳಿದಳು. ಅವಳ ಉಗುರು ತೆಗೆಯುತ್ತಿದ್ದೆ.

"ಪಪ್ಪಾ, ಹಳೇ ಆಟೋ ಮಾಮಾ ಯಾಕ ಬರೂದಿಲ್ಲ?"

"ನೀನ ಹೇಳಿದ್ದಿಯಲ್ಲಾ, ಅಂಜಸ್ತಾನ ಅಂತ."

"ನೀ ದಿನಾ ದಿನಾ ಕೇಳ್ತಿದ್ದಿ. ಇಲ್ಲ ಅಂದ್ರ ಮತ್ತ ಕೇಳ್ತಿದ್ದಿ. ಹೂಂ ಅಂದ ಮ್ಯಾಲ ಸುಮ್ನಾದಿ."

ಒಂದು ಕೈಯ ಉಗುರು ಹಾಗೇ ಉಳಿಯಿತು. ಹೊರಗೆ ಹೋಗಿ ಹಿತ್ತಲಲ್ಲಿ ನಿಂತೆ. ಕೆಂಚವ್ವನ ಹೆಸರು ಹೇಳಿಸಿದವರಿಗಿಂತ ನನ್ನ ಕೈಯಲ್ಲಿ ಬೇವಿನ ಟೊಂಗೆ ಒಂದೇ ಕಡಿಮೆ. ಉಳಿದದ್ದೆಲ್ಲ ನಾನೇ ಮಾಡಿದ್ದೇನೆ.

೩೦ ಜುಲೈ, ಗುರುವಾರ

ಬಂದಗಿಸಾಬರ ಮನೆಗೆ ಹೋಗಲಿಲ್ಲ. ಕೋರ್ಟಿನಲ್ಲಿ ಕೆಲಸ ಹೆಚ್ಚಿತ್ತು.

೨ ಆಗಸ್ಟ್, ಭಾನುವಾರ

ಕೆಲಸವಿರಲಿಲ್ಲ. ಹೋಗಲಿಲ್ಲ. ಹೆದರಿಕೆ ಎಂದು ಬರೆಯಬೇಕು, ಬರೆದಿದ್ದೇನೆ.

ನೀಲೂಳನ್ನು ಈಗ ಅವ್ವ ಮಧ್ಯಾಹ್ನವೇ ಕರೆತರುತ್ತಾಳೆ, ಮುಖ್ಯಗುರುಗಳು ಒಪ್ಪಿದ್ದಾರೆ. ನಾನು ಹತ್ತೂವರೆಗೆ ಅವಳ ಹಣೆ ಸವರಿ ಅರ್ಧ ಎಚ್ಚರ ಮಾಡುತ್ತೇನೆ. ಏನೋ ಗೊಣಗಿ ಮಲಗುತ್ತಾಳೆ.

೫ ಆಗಸ್ಟ್, ಬುಧವಾರ

ಅರ್ಜಿ ಹಿಂಪಡೆಯುವ ಪತ್ರ ಟೈಪು ಮಾಡಿ ಮತ್ತೆ ಆರು ಮನೆಗೆ ಹೋದೆ. ನಾಲ್ವರು ಮುಖ ನೋಡದೆ ಸಹಿ ಮಾಡಿದರು. ಒಬ್ಬರು ಊರಲ್ಲಿರಲಿಲ್ಲ. ಭೀಮಸಿ ಪತ್ರವನ್ನು ಮುಟ್ಟಲೇ ಇಲ್ಲ.

"ನನ್ನ ಮಗಳೂ ಹೇಳ್ಯಾಳ್ರಿ" ಎಂದ.

"ಏನಂತ?"

"ನಿಮ್ಮ ಹುಡುಗಿ ಹೇಳಿದ್ದನ್ನೇ. ಕೈ ಜಗ್ಗತಿದ್ದ, ಅಂಜಸ್ತಿದ್ದ ಅಂತ. ಮೊದಲ ಇಲ್ಲ ಅಂದ್ಲು. ನೀವು ಹೇಳಿದಂಗ ಒಂದೊಂದ ಹೆಸರ ಇಟ್ಟ ಕೇಳಿದೆ. ಮೂರನೇ ದಿನಕ್ಕ ಬಾಯಿ ಬಿಟ್ಲು."

"ಹಂಗ ಕೇಳಬಾರದ್ರಿ ಭೀಮಸಿ. ತಪ್ಪ ಅದು."

"ಆವಾಗ ಸರಿ ಇತ್ತು, ಈಗ ತಪ್ಪಾತಾ? ನೀವು ನಿಮ್ಮ ಮಗಳ ಮಾತ ತಿರಿಗಿ ತಗೋಬಹುದು. ನಾ ನನ್ನ ಮಗಳನ್ನ ಸುಳ್ಳಿ ಅನ್ನಾಕ ಒಲ್ಲೆ."

ಅವನು ಕೆಟ್ಟವನಲ್ಲ. ಅದೇ ಕಷ್ಟ. ಅವನ ಮುಖದಲ್ಲಿದ್ದದ್ದು ಜೂನ್ ತಿಂಗಳಿನ ನನ್ನ ಮುಖ.

೯ ಆಗಸ್ಟ್, ಭಾನುವಾರ

ಬಂದಗಿಸಾಬರ ಮನೆಗೆ ಹೋಗಿ ಬಂದೆ. ಹೆಂಡತಿ ಹಸೀನಾಬಿ ಬಾಗಿಲು ತೆರೆದು, ನನ್ನನ್ನು ನೋಡಿ ಒಳಗೆ ಹೋದರು. ಬಂದಗಿಸಾಬರು ಈಗ ಬೇರೆಯವರ ಟೆಂಪೋದಲ್ಲಿ ನಿಪ್ಪಾಣಿ ರಸ್ತೆಯ ಭಟ್ಟಿಯಿಂದ ಇಟ್ಟಂಗಿ ಸಾಗಿಸುತ್ತಾರೆ. ಉಗುರಿನ ಸಂದಿಯಲ್ಲಿ ಕೆಂಪು ಪುಡಿ. ನನ್ನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ನಾನು ಕೊಟ್ಟಿರಲಿಲ್ಲ.

ತಪ್ಪಾಯಿತು ಎಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಪತ್ರ ಕೊಟ್ಟೆ. ಚಷ್ಮಾ ಹಾಕಿಕೊಂಡು, ತುಟಿ ಆಡಿಸುತ್ತ ನಿಧಾನ ಓದಿದರು. "ನನ್ನ ಮಗಳು ಗಾಬರಿಯಿಂದ ತಪ್ಪಾಗಿ ಹೇಳಿದ್ದರಿಂದ ಸದರಿ ಅರ್ಜಿ ಸಲ್ಲಿಸಲಾಗಿತ್ತು." ಆ ಸಾಲಿಗೆ ಬಂದು ನಿಂತರು.

"ಇದರಾಗ ನೀಲಮ ಸುಳ್ಳ ಹೇಳ್ಯಾಳ ಅಂತ ಐತ್ರಿ."

"ಸುಳ್ಳ ಅಂತ ಅಲ್ರಿ, ತಪ್ಪಾಗಿ..."

"ಓದವ್ರು ಹಂಗ ಓದ್ತಾರ. ಹೆಣ್ಣ ಹುಡುಗಿ, ನಾಳೆ ದೊಡ್ಡಾಕಿ ಆಗ್ತಾಳ. ಕಾಗದ ಸಾಲ್ಯಾಗ ಉಳೀತೈತಿ. ಒಂದ ಹೆಸರ ಕೆಟ್ಟಿದ್ದ ಸಾಕ್ರಿ." ಪತ್ರವನ್ನು ಮಡಚಿ ನನ್ನ ಕೈಯಲ್ಲಿಟ್ಟರು. "ಇದನ್ನ ನಾ ತಗೊಳ್ಳೂದಿಲ್ಲ."

ನನಗೆ ನಾಚಿಕೆಯಾಯಿತು. ಈ ಎರಡು ತಿಂಗಳಲ್ಲಿ ನನ್ನ ಮಗಳ ಬಗ್ಗೆ ಅಷ್ಟು ದೂರ ಯೋಚನೆ ಮಾಡಿದವನು ನಾನಲ್ಲ, ಅವರು.

"ಮತ್ತ ಆಟೋ ಶುರು ಮಾಡ್ರಿ. ಮೊದಲ ನೀಲೂನ್ನ ನಾ ಕಳಸ್ತೀನಿ" ಎಂದೆ.

ಅವರು ಅಂಗೈ ನೋಡಿಕೊಂಡರು. "ಹೋದ ವಾರ ಮೊಮ್ಮಗಳು ಅಫ್ರೀನ ಬಂದಿದ್ಲು ಸಾಬ, ಕಾಗವಾಡದಿಂದ. ಎತ್ತಿಕೊ ದಾದಾ ಅಂದ್ಲು. ಎತ್ತಾಕ ಹೋದೆ. ಹೋಗೂ ಮುಂದ ಸುತ್ತ ನೋಡಿದೆ, ಯಾರರೆ ನೋಡಾಕತ್ತಾರೇನು ಅಂತ. ನನ್ನ ಮೊಮ್ಮಗಳನ್ನ ಎತ್ತಾಕ. ಇನ್ನ ಮಂದಿ ಹುಡುಗ್ರನ್ನ ಹೆಂಗ ಎತ್ತಲಿ?"

ಹಸೀನಾಬಿ ತಂದಿಟ್ಟ ಚಹಾ ಆರಿಹೋಯಿತು.

೧೧ ಆಗಸ್ಟ್, ಮಂಗಳವಾರ

ಹೊಸದಾಗಿ ಬರೆದೆ. ಟೈಪು ಮಾಡಲಿಲ್ಲ, ಕೈಯಿಂದ. ನಾಲ್ಕು ಸಾಲಿಗೆ ಮೂರು ಹಾಳೆ ಹಾಳಾದವು. ಮುಖ್ಯಗುರುಗಳಿಗೆ ಕೊಟ್ಟು, ಇದನ್ನು ಹದಿನೈದನೇ ತಾರೀಖು ಧ್ವಜ ಹಾರಿಸಿದ ಮೇಲೆ ಎಲ್ಲರ ಮುಂದೆ ಓದುತ್ತೇನೆ ಎಂದೆ. ಅವರು ಹಣೆ ಒರೆಸಿಕೊಂಡರು. "ಝೇಂಡಾದ ಮುಂದ ಬ್ಯಾಡ್ರಿ. ಕಾರ್ಯಕ್ರಮ ಮುಗದ ಮ್ಯಾಲ ಗೇಟಿನ ಹೊರಗ ಏನರೆ ಮಾಡ್ಕೋರಿ."

ಅವ್ವ ಕೇಳಿದಳು, "ಮಂದಿ ಮುಂದ ಯಾಕ ಮಾನ ಕಳಕೋತಿ?" ಕೆಂಚವ್ವ ಸತ್ತಾಗ ಹೆಣ ಹೊರಲು ಎಷ್ಟು ಜನ ಬಂದಿದ್ದರು ಎಂದು ಕೇಳಿದೆ. ರಾತ್ರಿ ನನ್ನ ಅಂಗಿಗೆ ಅವಳೇ ಇಸ್ತ್ರಿ ಹೊಡೆದಿಟ್ಟಳು.

೧೫ ಆಗಸ್ಟ್, ಶನಿವಾರ

ಓದಿದೆ. ಮಕ್ಕಳ ಕೈಯಲ್ಲಿ ಲಾಡು ಇತ್ತು, ತಂದೆತಾಯಿಗಳು ಗಾಡಿಗಳ ಹತ್ತಿರ ನಿಂತಿದ್ದರು.

"ನನ್ನ ಮಗಳು ನೀಲಮ ಯಾರ ಮೇಲೂ ದೂರು ಹೇಳಿರಲಿಲ್ಲ. ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ. ಬಂದಗಿಸಾಬರ ಹೆಸರನ್ನು ಅವಳ ಬಾಯಲ್ಲಿ ಇಟ್ಟವನು ನಾನು. ಅವರು ಯಾವ ಮಗುವನ್ನೂ ಹೆದರಿಸಿಲ್ಲ. ಉಳಿದವರಿಗೆ ಹಾಗೆ ಕೇಳಲು ಕಲಿಸಿದವನೂ ನಾನೇ."

ಇಷ್ಟೇ. ಓದಲು ಎರಡು ನಿಮಿಷ ಬೇಕಿರಲಿಲ್ಲ, ಆದರೆ ಭಾಳ ಹೊತ್ತು ಹಿಡಿಯಿತು. ಉಜ್ವಲಾ ನಡುವೆ ಬಂದು ಕೈಗೆ ಕರವಸ್ತ್ರ ಕೊಟ್ಟಳು, ಯಾಕೆಂದು ತಿಳಿಯಲಿಲ್ಲ. ಭೀಮಸಿ ಕೊನೆಯ ಸಾಲಿನ ತನಕ ನಿಂತು, ಆಮೇಲೆ ಮಗಳ ಕೈ ಹಿಡಿದು ಹೊರಟುಹೋದ. ಒಬ್ಬಿಬ್ಬರು ಬಂದು ಭುಜ ಮುಟ್ಟಿದರು. ಹೆಚ್ಚಿನವರು ಗಾಡಿ ಚಾಲೂ ಮಾಡಿದರು.

ತಲೆ ಎತ್ತಿದಾಗ ರಸ್ತೆಯ ಆಚೆ ಇಟ್ಟಂಗಿಯ ಟೆಂಪೋ ಕಂಡಿತು. ಬಂದಗಿಸಾಬ ಬಾಗಿಲಿಗೆ ಒರಗಿ ನಿಂತಿದ್ದರು. ಬರಲು ಹೇಳಿಕಳಿಸಿದ್ದೆ. ಬರುವುದಿಲ್ಲ ಎಂದಿದ್ದರು, ಬಂದಿದ್ದರು. ನಾನು ಹೋಗುವ ಮುಂಚೆಯೇ ನೀಲೂ ನನ್ನ ಕೈ ಬಿಡಿಸಿಕೊಂಡು ಓಡಿದಳು. ಅವರ ಮುಂದೆ ನಿಂತು, ಎತ್ತಿಕೊಳ್ಳಲು ಎರಡೂ ಕೈ ಮೇಲೆ ಮಾಡಿದಳು.

ಅವರು ಗೇಟಿನ ಕಡೆ ನೋಡಿದರು. ಆಮೇಲೆ ತಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಅವಳ ಮುಖದ ಸಮ ತಮ್ಮ ಮುಖ ತಂದು ಏನೋ ಹೇಳಿದರು. ಅವಳು ಅರ್ಧ ಲಾಡು ಅವರ ಬಾಯಿಗೆ ಇಟ್ಟಳು. ಕೈ ಬೆನ್ನ ಹಿಂದೆಯೇ ಇದ್ದವು.

ಮನೆಗೆ ಬರುವಾಗ ನೀಲೂ ಹೇಳಿದಳು: "ಮಾಮಾ ನನ್ನ ಎತ್ತಲಿಲ್ಲ ಪಪ್ಪಾ. ನಾ ಈಗ ಭಾಳ ದೊಡ್ಡಾಕಿ ಆಗೇನಂತ. ಅವರಿಗಿ ಎತ್ತಾಕ ಆಗೂದಿಲ್ಲಂತ."

"ಹೌದಾ?"

"ಹೌದು. ನಾ ಅಷ್ಟ ದೊಡ್ಡಾಕಿ ಆಗೇನೇನ?"

ಆಗಿದ್ದಿ ಎಂದೆ.